ಹೊಳೆ ದಾಟುವ ಮೊದಲು ತೆಪ್ಪ ಕಟ್ಟೋಣ

*ಇಂದಿನ ಧಮ್ಮ ಚಿಂತನೆ*
ಪುತ್ತೂರು, ಸುಳ್ಯ, ಕಡಬದ ಎಲ್ಲ ಧಮ್ಮ ಬಂಧುಗಳಿಗೆ

ಬಂಧುಗಳೇ,

ನಮ್ಮ ಮೂರು ತಾಲೂಕುಗಳೂ ಹೊಳೆಗಳ ಊರು. ಕುಮಾರಧಾರ ಸುಬ್ರಹ್ಮಣ್ಯದ ಕಡೆಯಿಂದ ಬಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಪಯಸ್ವಿನಿ ಸುಳ್ಯದ ಬದಿಯಲ್ಲಿ ಹರಿದು ಕಾಸರಗೋಡಿನತ್ತ ಇಳಿಯುತ್ತದೆ. ಸೇತುವೆಗಳು ಬರುವ ಮೊದಲು ಆಟಿ ತಿಂಗಳಲ್ಲಿ ಹೊಳೆ ದಾಟುವುದು ಎಂದರೆ ಏನೆಂದು ಹಿರಿಯರಿಗೆ ಗೊತ್ತು. ಧೈರ್ಯವೊಂದನ್ನೇ ನಂಬಿ ಯಾರೂ ಕೆಂಪು ನೀರಿಗೆ ಇಳಿಯುತ್ತಿರಲಿಲ್ಲ.

ಮಜ್ಝಿಮ ನಿಕಾಯದಲ್ಲಿ ಭಗವಾನ್ ಬುದ್ಧರು ಹೇಳಿದ ತೆಪ್ಪದ ಹೋಲಿಕೆ ನಮಗೆಲ್ಲ ಪರಿಚಿತ. ಒಬ್ಬ ಮನುಷ್ಯ ಅಪಾಯದ ದಡದಲ್ಲಿ ನಿಂತಿದ್ದಾನೆ. ಆಚೆ ದಡ ಸುರಕ್ಷಿತ. ದೋಣಿಯಿಲ್ಲ, ಸಂಕವಿಲ್ಲ. ಅವನು ಹುಲ್ಲು, ಕೋಲು, ಕೊಂಬೆ, ಎಲೆ ಒಟ್ಟು ಮಾಡಿ ತೆಪ್ಪ ಕಟ್ಟುತ್ತಾನೆ, ಕೈಕಾಲು ಬಡಿದು ದಾಟುತ್ತಾನೆ. ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ತಿರುಗಬೇಡಿ ಎಂಬ ಕೊನೆಯ ಭಾಗವನ್ನೇ ನಾವು ಹೆಚ್ಚಾಗಿ ನೆನಪಿಸಿಕೊಳ್ಳುತ್ತೇವೆ. ಇಂದು ಮೊದಲ ಭಾಗವನ್ನು ನೋಡೋಣ. ದಡ ಬಿಡಬೇಕೆಂದು ಮನಸ್ಸು ಮಾಡಿದವನು ಮೊದಲು ಏನನ್ನು ಒಟ್ಟು ಮಾಡಿಕೊಳ್ಳಬೇಕು?

ಕೆಲಸ ಬದಲಿಸಬೇಕಾದವರು, ಮನೆಯ ಪದ್ಧತಿ ಬದಲಿಸಬೇಕೆಂದಿರುವವರು, ಇತರರನ್ನು ಬದಲಾವಣೆಯ ಕಡೆ ಕರೆದೊಯ್ಯುವ ಜವಾಬ್ದಾರಿ ಹೊತ್ತವರು ನಮ್ಮ ಬಳಗದಲ್ಲಿ ಇದ್ದಾರೆ. ಈ ಪ್ರಶ್ನೆ ಮೂವರದ್ದೂ ಹೌದು.

*1. ಅನಿತ್ಯ ಎಂದರೆ ಬರೀ ದುಃಖದ ಮಾತೇ?*

ಕೆಲವು ಬದಲಾವಣೆಗಳು ನಮ್ಮನ್ನು ಕೇಳಿ ಬರುವುದಿಲ್ಲ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ತಮಿಳು ಕುಟುಂಬಗಳನ್ನು ನೋಡಿ. 1964ರ ಅಕ್ಟೋಬರ್ 30ರಂದು ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರು ಲಕ್ಷಗಟ್ಟಲೆ ಭಾರತಕ್ಕೆ ಬರಬೇಕಾಯಿತು. ಅವರಲ್ಲಿ ಒಂದು ಭಾಗ ನಮ್ಮ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ನಿಂತಿತು. ಚಹಾ ಚಿಗುರು ಕೊಯ್ದ ಕೈ ಕತ್ತಲೆಯಲ್ಲೇ ಎದ್ದು ರಬ್ಬರ್ ಮರದ ತೊಗಟೆ ಕೆತ್ತುವುದನ್ನು ಕಲಿಯಿತು. ತೀರ್ಮಾನ ಮಾಡಿದ್ದು ಎರಡು ಸರಕಾರಗಳು, ಬದುಕು ಬದಲಿಸಿಕೊಂಡದ್ದು ಕೂಲಿಕಾರರು.

ನಮ್ಮ ಮನೆಗಳಲ್ಲೂ ಅಷ್ಟೆ. 25ರ ವಯಸ್ಸಿನಲ್ಲಿ ತಳೆ ಹಾಕಿ ದಿನಕ್ಕೆ ಎಷ್ಟೋ ಅಡಿಕೆ ಮರ ಹತ್ತಿದವನಿಗೆ 50ರಲ್ಲಿ ಮೊಣಕಾಲು ಕೇಳುವುದಿಲ್ಲ. ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ತೋಟಕ್ಕೆ ಬಂದಿದೆ. ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ತೋಟಗಳೇ ಸೊರಗಿವೆ. ಬೀಡಿ ಬ್ರಾಂಚಿನಲ್ಲಿ ಸಿಗುವ ಎಲೆ ಕಡಿಮೆಯಾದರೆ ಆ ವಾರದ ಮನೆಖರ್ಚೂ ಕಡಿಮೆಯಾಗಬೇಕು.

ಸಾವಿನ ಮನೆಯಲ್ಲಿ ಮಾತ್ರ ನಾವು ಅನಿತ್ಯವನ್ನು ನೆನೆಯುತ್ತೇವೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅದರ ಇನ್ನೊಂದು ಮುಖವನ್ನು ತೋರಿಸಿದರು. ವಸ್ತುಗಳು ಬದಲಾಗದೆ ಇದ್ದಲ್ಲೇ ಇದ್ದಿದ್ದರೆ ಹೊಸದೇನೂ ಹುಟ್ಟಲು ಸಾಧ್ಯವಿರುತ್ತಿರಲಿಲ್ಲ, ಬೆಳವಣಿಗೆ ನಿಂತುಹೋಗುತ್ತಿತ್ತು ಎಂಬುದು ಅವರ ವಿವರಣೆಯ ತಿರುಳು. ಇದನ್ನು ನಮ್ಮ ಸ್ಥಿತಿಗೆ ಹಚ್ಚಿ ನೋಡಿ. ಅಂಗಳದ ಹೊರಗೆ ನಿಲ್ಲಿಸುವ ವ್ಯವಸ್ಥೆ ನಿತ್ಯವಾಗಿದ್ದರೆ ನಮಗೆ ಬಿಡುಗಡೆಯೇ ಇರಲಿಲ್ಲ. ಅದು ಅನಿತ್ಯವಾದ್ದರಿಂದಲೇ ಮುರಿಯಬಲ್ಲದು. ಕೆಲಸ ಹೋಗುವ ಭಯವನ್ನು ಹುಟ್ಟಿಸುವ ನಿಯಮವೇ ಬಿಡುಗಡೆಗೂ ದಾರಿ ಕೊಡುತ್ತದೆ.

*2. ಚೋಮ ಯಾಕೆ ಹಿಂದಿರುಗಿದ?*

ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಚೋಮನಿಗೆ ಇದ್ದದ್ದು ಒಂದೇ ಆಸೆ, ತಾನೂ ಬೇಸಾಯಗಾರನಾಗಬೇಕು. ಅವನ ಜಾತಿಯವನಿಗೆ ಗೇಣಿಗೆ ಭೂಮಿ ಸಿಗುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಕಡೆಗೆ ಮತ ಬದಲಿಸಿದರೆ ಭೂಮಿ ಸಿಕ್ಕೀತು ಎಂದು ಹೊರಟವನು ದೈವದ ಮೇಲಿನ ಭಯಭಕ್ತಿಯಿಂದ ಅರ್ಧ ದಾರಿಯಲ್ಲೇ ಹಿಂದಿರುಗುತ್ತಾನೆ.

ಇದನ್ನು ಚೋಮನ ಹೇಡಿತನ ಎಂದರೆ ಅನ್ಯಾಯವಾದೀತು. ಅವನ ಜೊತೆ ಯಾರಿದ್ದರು? ಅವನಿಗೆ ಓದಿ ಹೇಳುವವರಿರಲಿಲ್ಲ, ಕೂತು ಚರ್ಚಿಸಲು ಒಂದು ಬಳಗವಿರಲಿಲ್ಲ. ಬಿಡುವುದೇನು, ಹಿಡಿಯುವುದೇನು ಎಂಬ ವಿಚಾರವೂ ಸ್ಪಷ್ಟವಿರಲಿಲ್ಲ. ಭೂಮಿಯ ಆಸೆ ಅವನನ್ನು ಮುಂದಕ್ಕೆ ತಳ್ಳಿತು, ಹಳೆಯ ಭಯ ಹಿಂದಕ್ಕೆ ಎಳೆಯಿತು. ಒಂಟಿ ಮನುಷ್ಯನನ್ನು ಭಯವೇ ಗೆಲ್ಲುತ್ತದೆ.

ಆ ಕಾದಂಬರಿ ಬಂದ ಎರಡೇ ವರ್ಷಕ್ಕೆ, ಇಲ್ಲಿಂದ ಬಹುದೂರದ ಒಂದು ಊರಿನಲ್ಲಿ, ಇದೇ ಪ್ರಶ್ನೆಗೆ ಬೇರೆಯೇ ಉತ್ತರ ಸಿದ್ಧವಾಗತೊಡಗಿತು.

*3. ಇಪ್ಪತ್ತೊಂದು ವರ್ಷ, ಒಂದು ದಿನ*

ನಾಸಿಕದ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ 1930ರ ಮಾರ್ಚಿನಲ್ಲಿ ಆರಂಭವಾದ ಸತ್ಯಾಗ್ರಹ ಐದು ವರ್ಷವಾದರೂ ಬಾಗಿಲು ತೆರೆಸಲಿಲ್ಲ. 1935ರ ಅಕ್ಟೋಬರ್ 13ರಂದು ನಾಸಿಕ ಜಿಲ್ಲೆಯ ಯೇವಲೆಯಲ್ಲಿ ಬಾಬಾಸಾಹೇಬರು ತಾವು ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಮುಚ್ಚಿದ ಬಾಗಿಲ ಮುಂದೆ ಶಕ್ತಿ ಕಳೆಯುವುದು ಸಾಕೆಂದು ಸತ್ಯಾಗ್ರಹವನ್ನು ನಿಲ್ಲಿಸುವ ತೀರ್ಮಾನವೂ ಆಗಲೇ ಆಯಿತು. ನಾಗಪುರದ ದೀಕ್ಷೆ ನಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ ಸರಿಯಾಗಿ 21 ವರ್ಷ, ಒಂದು ದಿನ.

ಇಷ್ಟು ತಡ ಯಾಕೆ ಎಂದು ಕೆಲವರು ಕೇಳುತ್ತಾರೆ. ಆ ವರ್ಷಗಳಲ್ಲಿ ಏನೇನು ನಡೆಯಿತು ಎಂದು ನೋಡಿದರೆ ಉತ್ತರ ಸಿಗುತ್ತದೆ.

ಅವರು ಮೊದಲು *ತಮ್ಮ ಜನರನ್ನು ಕೇಳಿದರು*. 1936ರ ಮೇ 30 ಮತ್ತು 31ರಂದು ಮುಂಬಯಿಯಲ್ಲಿ ಮಹಾರ್ ಪರಿಷತ್ತು ಸೇರಿತು. ಅಲ್ಲಿ ಮಾಡಿದ ಭಾಷಣವೇ ಮುಂದೆ 'ಮುಕ್ತಿ ಕೋನ್ ಪಥೇ' ಎಂದು ಹೆಸರಾಯಿತು. ಮತಾಂತರ ಮಕ್ಕಳಾಟವಲ್ಲ, ದೋಣಿ ಹೊರಡಿಸುವ ನಾವಿಕನಿಗೆ ಎಷ್ಟು ಸಿದ್ಧತೆ ಬೇಕೋ ನಮಗೂ ಅಷ್ಟು ಸಿದ್ಧತೆ ಬೇಕು, ಎಷ್ಟು ಜನ ಹೊರಡಲು ಸಿದ್ಧರಿದ್ದಾರೆಂದು ತಿಳಿಯದೆ ಸಿದ್ಧತೆ ತೊಡಗಲಾಗದು ಎಂಬ ಅರ್ಥದ ಮಾತನ್ನು ಅವರು ಅಲ್ಲಿ ಆಡಿದರು. ತಮ್ಮ ಬೆಳಕು ತಾವೇ ಆಗಬೇಕೆಂದು ಬುದ್ಧರು ಆನಂದನಿಗೆ ಹೇಳಿದ್ದನ್ನು ನೆನಪಿಸಿ ಮಾತು ಮುಗಿಸಿದರು. ನಾಯಕನಾದವನು ಆಜ್ಞೆ ಮಾಡಲಿಲ್ಲ, ತೀರ್ಮಾನವನ್ನು ಜನರ ಕೈಗೇ ಇಟ್ಟ.

ಆಮೇಲೆ *ಪರೀಕ್ಷಿಸಿದರು*. ಸಿಖ್ ಧರ್ಮವನ್ನು ಗಂಭೀರವಾಗಿ ಪರಿಶೀಲಿಸಿದರು. ಬೌದ್ಧ ದೇಶಗಳಿಗೆ ಹೋಗಿ ಅಲ್ಲಿ ಧಮ್ಮ ಹೇಗೆ ನಡೆಯುತ್ತಿದೆ ಎಂದು ಕಣ್ಣಾರೆ ಕಂಡರು. 1950ರಲ್ಲಿ ಸಿಲೋನಿಗೆ, 1954ರಲ್ಲಿ ಬರ್ಮಾಕ್ಕೆ ಹೋದದ್ದು ಹೀಗೆಯೇ. ಕೇಳಿದ್ದನ್ನು ಕೇಳಿದಂತೆಯೇ ಒಪ್ಪಬೇಡಿ, ಒರೆಹಚ್ಚಿ ನೋಡಿ ಎಂದು ಕಾಲಾಮರಿಗೆ ಬುದ್ಧರು ಕೊಟ್ಟ ಉಪದೇಶವನ್ನು ಅವರು ಬದುಕಿನಲ್ಲಿ ಮಾಡಿ ತೋರಿಸಿದರು.

ಜೊತೆಜೊತೆಗೇ *ಆಧಾರಗಳನ್ನು ಕಟ್ಟಿದರು*. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು, 1955ರಲ್ಲಿ ಭಾರತೀಯ ಬೌದ್ಧ ಮಹಾಸಭಾ. ದಾಟಿದವರು ಓದಲು ಪುಸ್ತಕ ಬೇಕೆಂದು ಅನಾರೋಗ್ಯದ ನಡುವೆಯೂ 'ಬುದ್ಧ ಮತ್ತು ಆತನ ಧಮ್ಮ' ಬರೆದರು.

ಕಡೆಗೆ *ದಾಟಿದರು, ದಾಟಿಸಿದರು*. ಪೂಜ್ಯ ಚಂದ್ರಮಣಿ ಮಹಾಥೇರರಿಂದ ತಿಸರಣ, ಪಂಚಶೀಲ ಪಡೆದ ಮೇಲೆ ತಾವೇ ಲಕ್ಷಾಂತರ ಜನರಿಗೆ ದೀಕ್ಷೆ ಮತ್ತು 22 ಪ್ರತಿಜ್ಞೆಗಳನ್ನು ಬೋಧಿಸಿದರು.

ಅದಾಗಿ 53ನೇ ದಿನ, ಡಿಸೆಂಬರ್ 6ರಂದು, ಅವರು ಪರಿನಿರ್ವಾಣ ಹೊಂದಿದರು. ಪುಸ್ತಕ ಅಚ್ಚಾಗಿ ಬಂದದ್ದು 1957ರಲ್ಲಿ. ಒಬ್ಬ ಮನುಷ್ಯನ ಮಾತಿನ ಮೇಲಷ್ಟೇ ಈ ಬದಲಾವಣೆ ನಿಂತಿದ್ದರೆ 53 ದಿನಕ್ಕೆ ಮುಗಿದುಹೋಗಬೇಕಿತ್ತು. ನಾವು ಇಂದು ಪುತ್ತೂರಿನಲ್ಲಿ, ಸುಳ್ಯದಲ್ಲಿ, ಕಡಬದಲ್ಲಿ ವಂದನೆ ಹೇಳುತ್ತಿದ್ದೇವೆ ಎಂದರೆ ಅದು ಆ 21 ವರ್ಷದ ತಯಾರಿಯ ಫಲ.

*4. ಕೆಲಸ ಬದಲಿಸುವವರಿಗೆ ನಾಲ್ಕು ಸಂಪತ್ತು*

ದೊಡ್ಡ ಬದಲಾವಣೆಗೆ ಬೇಕಾದ ತಯಾರಿ ಮನೆಯ ಬದಲಾವಣೆಗೂ ಬೇಕು. ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥ ಬುದ್ಧರ ಹತ್ತಿರ ಬರುತ್ತಾನೆ. ನಾವು ಹೆಂಡತಿ ಮಕ್ಕಳೊಂದಿಗೆ ಬಾಳುವವರು, ಈ ಬದುಕಿನಲ್ಲೇ ಹಿತವಾಗುವ ಧಮ್ಮ ಯಾವುದು ಎಂದು ಕೇಳುತ್ತಾನೆ. ಬುದ್ಧರು ಅವನನ್ನು ಕಾಡಿಗೆ ಹೋಗು ಎನ್ನಲಿಲ್ಲ. ನಾಲ್ಕು ಸಂಪತ್ತುಗಳನ್ನು ಹೇಳಿದರು. ನಮ್ಮ ಊರಿನ ಒಂದು ಮನೆಯನ್ನು ಮನಸ್ಸಿನಲ್ಲಿಟ್ಟು ಅವನ್ನು ಓದೋಣ. ಗಂಡ ಅಡಿಕೆ ಕೊಯ್ಲು, ಮದ್ದು ಬಿಡುವ ಕೆಲಸದವನು, ವಯಸ್ಸು 45. ಹೆಂಡತಿ ಬೀಡಿ ಕಟ್ಟುತ್ತಾಳೆ. ಮಗಳು ಪಿಯುಸಿ ಮುಗಿಸಿದ್ದಾಳೆ.

*ಉಟ್ಠಾನ ಸಂಪದಾ*: ದಕ್ಷತೆ, ಉದ್ಯೋಗಶೀಲತೆ. ಮರ ಹತ್ತಲಾಗದ ದಿನ ಬಂದ ಮೇಲೆ ಹೊಸ ಕೆಲಸ ಹುಡುಕಿದರೆ ಸಿಕ್ಕಿದ್ದಕ್ಕೆ ಒಪ್ಪಬೇಕಾಗುತ್ತದೆ. ಮೊಣಕಾಲು ಗಟ್ಟಿ ಇರುವಾಗಲೇ ದೋಟಿಯ ಕೆಲಸ, ಕಸಿ ಕಟ್ಟುವುದು, ಪಂಪ್ ರಿಪೇರಿ ಹೀಗೆ ಯಾವುದಾದರೂ ಒಂದನ್ನು ಕಲಿತುಕೊಳ್ಳಬೇಕು. ಅವನಿಗೆ ತೋಟದ ಒಳಹೊರಗು ಗೊತ್ತು. ಆ ತಿಳಿವಳಿಕೆಯೇ ಬಂಡವಾಳ.

*ಆರಕ್ಖ ಸಂಪದಾ*: ಗಳಿಸಿದ್ದನ್ನು ಕಾಯುವುದು. ಬೀಡಿ ಕಟ್ಟುವ ಅಕ್ಕಂದಿರು ಕೆಲಸ ಬಿಡುವಾಗ ಪಿ.ಎಫ್. ಹಣವನ್ನು ಒಮ್ಮೆಲೇ ತೆಗೆದು ಖರ್ಚು ಮಾಡುವ ಮೊದಲು ಎಷ್ಟು ವರ್ಷದ ಸೇವೆಯಾಗಿದೆ ಎಂದು ವಿಚಾರಿಸಲಿ. ಪಿಂಚಣಿ ಯೋಜನೆಯಲ್ಲಿ 10 ವರ್ಷದ ಸೇವೆ ತುಂಬಿದವರಿಗೆ 58ನೇ ವಯಸ್ಸಿನಿಂದ ತಿಂಗಳ ಪಿಂಚಣಿಯ ಹಕ್ಕಿದೆ. ಒಂದೆರಡು ವರ್ಷ ಬಾಕಿ ಇರುವಾಗ ಬಿಟ್ಟುಕೊಟ್ಟರೆ ಜೀವನಪೂರ್ತಿ ನಷ್ಟ. ಆಧಾರ್, ಪಿ.ಎಫ್., ಬ್ಯಾಂಕ್ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ.

*ಕಲ್ಯಾಣಮಿತ್ತತಾ*: ಒಳ್ಳೆಯ ಗೆಳೆತನ. ಚೋಮನಿಗೆ ಸಿಗದೇ ಹೋದದ್ದು ಇದೇ. ಮಗಳು ಯಾವ ಕೋರ್ಸ್ ಸೇರಬೇಕು, ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಸ್ವಯಂ ಉದ್ಯೋಗ ಸಾಲಕ್ಕೆ ಅರ್ಜಿ ಯಾವಾಗ, ಹಾಸ್ಟೆಲ್ ಎಲ್ಲಿ ಎಂಬುದನ್ನು ಗೊತ್ತಿದ್ದವರು ಗೊತ್ತಿಲ್ಲದವರ ಮನೆಗೆ ಹೋಗಿ ಹೇಳಬೇಕು. ಅರ್ಜಿಯ ಕೊನೆಯ ದಿನಾಂಕ ಮುಗಿದ ಮೇಲೆ ಸಿಗುವ ಸಲಹೆಯಿಂದ ಯಾರಿಗೂ ಪ್ರಯೋಜನವಿಲ್ಲ.

*ಸಮಜೀವಿತಾ*: ಹದವಾದ ಜೀವನ. ತಕ್ಕಡಿ ಹಿಡಿದವನಂತೆ ಆದಾಯ, ಖರ್ಚು ಎರಡನ್ನೂ ತೂಗಿ ನೋಡುವುದು. ಅದೇ ಸುತ್ತದಲ್ಲಿ ಕೆರೆಯ ಹೋಲಿಕೆ ಬರುತ್ತದೆ. ನಾಲ್ಕು ಒಳಹರಿವು, ನಾಲ್ಕು ಹೊರಹರಿವು. ಒಳಹರಿವು ಮುಚ್ಚಿ ಹೊರಹರಿವು ತೆರೆದಿಟ್ಟರೆ ಕೆರೆ ಒಣಗುತ್ತದೆ. ಕುಡಿತ, ಜೂಜು, ಕೆಟ್ಟ ಸಹವಾಸ, ವ್ಯಭಿಚಾರ ಆ ತೂಬುಗಳು. ಕೋಳಿ ಅಂಕಕ್ಕೆ, ಮೊಬೈಲ್ ರಮ್ಮಿಗೆ, ವಾರದ ಕಂತಿನ ಸಾಲದಲ್ಲಿ ತಂದ ಟಿ.ವಿ.ಗೆ ಹಣ ಹರಿಯುತ್ತಿರುವಾಗ ಕೆಲಸ ಬದಲಿಸುವ ಧೈರ್ಯ ಹುಟ್ಟುವುದಿಲ್ಲ. ಸಿಗಾಲೋವಾದ ಸುತ್ತದಲ್ಲಿ ಆದಾಯವನ್ನು ನಾಲ್ಕು ಪಾಲು ಮಾಡುವ ಮಾತಿದೆ. ಒಂದು ಪಾಲು ಬದುಕಿಗೆ, ಎರಡು ಪಾಲು ಉದ್ಯೋಗಕ್ಕೆ, ಒಂದು ಪಾಲು ಕಷ್ಟಕಾಲಕ್ಕೆ. ಕೂಲಿಯ ಮನೆಯಲ್ಲಿ ಆ ಲೆಕ್ಕ ಹಾಗೆಯೇ ನಡೆಯದು. ಆದರೆ ಕಷ್ಟಕಾಲದ ಪಾಲು ನೂರು ರೂಪಾಯಿಯಾದರೂ ಸರಿ, ಅದು ಇರಲೇಬೇಕು. ಮಳೆಗಾಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಆ ಪಾಲೇ ನಮ್ಮನ್ನು ಯಜಮಾನರ ಮುಂಗಡದಿಂದ ಕಾಪಾಡುವುದು.

*5. ಮನೆಯೊಳಗಿನ ಹೊಳೆ*

ಕೆಲಸ ಬದಲಿಸುವುದಕ್ಕಿಂತ ಕಷ್ಟದ ಬದಲಾವಣೆ ಮನೆಯೊಳಗಿನದು. ತುಳುನಾಡಿನಲ್ಲಿ ದೈವದ ಕೋಲ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ರಾತ್ರಿ ಅಣಿ ಕಟ್ಟಿದಾಗ ಯಜಮಾನರೂ ಕೈಮುಗಿಯುತ್ತಾರೆ. ಬೆಳಿಗ್ಗೆ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಎಲ್ಲಿ ನಿಲ್ಲುತ್ತಾನೆ ಎಂಬುದು ನಮಗೆ ಗೊತ್ತು. ಆದರೂ ಆ ಸೇವೆಯಲ್ಲಿ ಅವನ ಸಂಪಾದನೆಯಿದೆ, ಅಪ್ಪನಿಂದ ಕಲಿತ ಪಾಡ್ದನವಿದೆ, ಊರಿನಲ್ಲಿ ಒಂದು ಸ್ಥಾನವಿದೆ. ಅಂಥ ಮನೆಯ ಯುವಕನೊಬ್ಬ ದೀಕ್ಷೆ ಪಡೆದರೆ ಅವನು ಬಿಡುವುದು ಸಣ್ಣದೇನಲ್ಲ. 2000ದಲ್ಲಿ ಕೊರಗರ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂತು. ಅವಮಾನದ ಬಾಗಿಲನ್ನು ಕಾನೂನು ಮುಚ್ಚಬಲ್ಲದು. ಇನ್ನೊಂದು ಅನ್ನದ ಬಾಗಿಲನ್ನು ತೆರೆಯುವ ಕೆಲಸ ಸರಕಾರದ್ದೂ ಸಮಾಜದ್ದೂ ಆಗಿ ಉಳಿಯುತ್ತದೆ. ಹಾಗಾಗಿ ಬಿಡು ಎಂದು ಹೇಳುವ ಬಳಗ, ಬಿಟ್ಟವನ ಜೊತೆ ನಿಲ್ಲುವ ಬಳಗವೂ ಆಗಬೇಕು.

ಅಮ್ಮ ಇನ್ನೂ ದೈವಕ್ಕೆ ದೀಪ ಇಡುತ್ತಾರೆ, ಮಗ ದೀಕ್ಷಿತ. ಏನು ಮಾಡಬೇಕು? ಪ್ರತಿಜ್ಞೆ ಅವರವರು ತಾವೇ ತೆಗೆದುಕೊಳ್ಳುವಂಥದ್ದು. ಮಗ ತನ್ನ ಪ್ರತಿಜ್ಞೆಯನ್ನು ಪೂರ್ತಿ ಪಾಲಿಸಲಿ, ತನ್ನ ಮದುವೆಯನ್ನೂ ಮಕ್ಕಳ ನಾಮಕರಣವನ್ನೂ ಧಮ್ಮದ ಪದ್ಧತಿಯಲ್ಲೇ ನಡೆಸಲಿ. ಆದರೆ ಅಮ್ಮನ ಕೈಯ ದೀಪವನ್ನು ಊದಿ ಆರಿಸುವ ಹಕ್ಕು ಅವನಿಗಿಲ್ಲ. ಬಂದು ನೋಡಿ ಎಂದು ಕರೆಯುವುದು ಧಮ್ಮದ ಗುಣ, ಬಲವಂತವಾಗಿ ಎಳೆತರುವುದಲ್ಲ. ಮಗ ಕುಡಿತ ಬಿಟ್ಟದ್ದನ್ನು, ಸೊಸೆಗೆ ಕೈ ಎತ್ತದ್ದನ್ನು, ರಾತ್ರಿ ಮೊಮ್ಮಗಳಿಗೆ ಪಾಠ ಹೇಳಿಕೊಡುವುದನ್ನು ಅಮ್ಮ ದಿನಾ ನೋಡುತ್ತಾರೆ. ನಮ್ಮ ವಾದಕ್ಕಿಂತ ಆ ನೋಟವೇ ಹೆಚ್ಚು ಮಾತಾಡುತ್ತದೆ.

ಇನ್ನೊಂದು ಭಯ ಕಾಗದದ್ದು. ಧರ್ಮದ ಕಾಲಮ್ಮಿನಲ್ಲಿ ಬೌದ್ಧ ಎಂದು ಬರೆಸಿದರೆ ಮಕ್ಕಳ ಮೀಸಲಾತಿ ಹೋಗುತ್ತದೆ ಎಂದು ಹಲವರು ದೀಕ್ಷೆಯ ಬಳಿಕವೂ ಹಿಂಜರಿಯುತ್ತಾರೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳನ್ನೇ ಮುಖ್ಯವಾಗಿ ಲೆಕ್ಕಕ್ಕೆ ತೆಗೆದುಕೊಂಡಿತ್ತು. 1956ರಲ್ಲಿ ಸಿಖ್ಖರಿಗೆ, 1990ರ ತಿದ್ದುಪಡಿಯಿಂದ ಬೌದ್ಧರಿಗೂ ಅದು ವಿಸ್ತರಿಸಿತು. ಧರ್ಮ ಬೌದ್ಧ, ಜಾತಿ ನಿಮ್ಮ ಪರಿಶಿಷ್ಟ ಜಾತಿ ಎಂದು ಇರುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ನಾಡಕಚೇರಿಗೆ ಹೋಗುವಾಗ 1990ರ ತಿದ್ದುಪಡಿಯ ಪ್ರತಿ ಕೈಯಲ್ಲಿರಲಿ. ಒಬ್ಬೊಬ್ಬರೇ ಹೋಗಬೇಡಿ, ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಗೊತ್ತಿಲ್ಲದೆ ಹುಟ್ಟಿದ ಭಯ ತಿಳಿದುಕೊಂಡರೆ ಕರಗುತ್ತದೆ.

*6. ಮುಂದೆ ನಿಲ್ಲುವವರಿಗೆ*

ಶಾಕ್ಯ ರಾಜಕುಮಾರರು ಸಂಘ ಸೇರಲು ಬಂದಾಗ ಅವರ ಕ್ಷೌರಿಕ ಉಪಾಲಿಯೂ ಜೊತೆಗಿದ್ದ. ಮೊದಲು ಇವನಿಗೇ ದೀಕ್ಷೆ ಕೊಡಿ, ಆಗ ನಾವು ಇವನಿಗೆ ವಂದಿಸಬೇಕಾಗುತ್ತದೆ, ನಮ್ಮ ಅಹಂಕಾರ ಇಳಿಯುತ್ತದೆ ಎಂದು ರಾಜಕುಮಾರರೇ ಕೇಳಿಕೊಂಡರು. ಬುದ್ಧರು ಹಾಗೆಯೇ ಮಾಡಿದರು. ಬುದ್ಧರ ಪರಿನಿರ್ವಾಣದ ನಂತರ ರಾಜಗೃಹದಲ್ಲಿ ಸೇರಿದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಸಂಘದ ಮುಂದೆ ಹೇಳಿದವರು ಇದೇ ಉಪಾಲಿ ಥೇರರು.

ನಮ್ಮ ಸಭೆಗಳನ್ನು ಇದರ ಬೆಳಕಿನಲ್ಲಿ ನೋಡೋಣ. ಮುಂದಿನ ಕುರ್ಚಿಯಲ್ಲಿ ನೌಕರಿಯಲ್ಲಿರುವವರು, ಮೈಕ್ ಹಿಡಿಯುವವರೂ ಅವರೇ. ಬೀಡಿ ಕಟ್ಟುವ ಅಕ್ಕ ಬಾಗಿಲ ಹತ್ತಿರ ಕೂತು ಚಹಾದ ಲೋಟ ಎಣಿಸುತ್ತಾಳೆ. ಬದಲಾವಣೆಯ ಭಾರ ಹೆಚ್ಚು ಬೀಳುವುದು ಅವಳ ಮೇಲೆ, ತೀರ್ಮಾನ ಮಾತ್ರ ನಮ್ಮದು. ಅವಳನ್ನು ಕೇಳದೆ ಮಾಡಿದ ಯೋಜನೆ ಎಷ್ಟು ಒಳ್ಳೆಯದಾದರೂ ನಿಲ್ಲುವುದಿಲ್ಲ. ವಜ್ಜಿಗಳು ಆಗಾಗ ಸೇರುವವರೆಗೆ, ಒಗ್ಗಟ್ಟಿನಿಂದ ಸೇರಿ ಒಗ್ಗಟ್ಟಿನಿಂದ ಏಳುವವರೆಗೆ ಅವರಿಗೆ ಅವನತಿಯಿಲ್ಲ ಎಂದು ಬುದ್ಧರು ಹೇಳಿದ್ದು ನಮ್ಮಂಥ ಸಣ್ಣ ಬಳಗಕ್ಕೂ ಸಲ್ಲುತ್ತದೆ. ವರ್ಷಕ್ಕೊಮ್ಮೆ ಏಪ್ರಿಲ್ 14ರಂದು ದೊಡ್ಡ ಮೆರವಣಿಗೆ ಮಾಡುವ ಬಳಗಕ್ಕಿಂತ ವಾರಕ್ಕೊಮ್ಮೆ ಹತ್ತೇ ಜನ ತಪ್ಪದೆ ಕೂರುವ ಬಳಗ ಬಹುದೂರ ಹೋಗುತ್ತದೆ.

*ಇಂದಿನ ಅಭ್ಯಾಸ*

ರಾತ್ರಿ ವಂದನೆಯ ನಂತರ ಮನೆಯವರೆಲ್ಲ ಹತ್ತು ನಿಮಿಷ ಒಟ್ಟಿಗೆ ಕೂತು ಈ ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

1. ಇನ್ನು ಐದು ವರ್ಷಕ್ಕೆ ನಮ್ಮ ಮನೆಯ ಈಗಿನ ದುಡಿಮೆ ಹೀಗೆಯೇ ಇರುತ್ತದೆಯೇ? ಇಲ್ಲವಾದರೆ ಈ ತಿಂಗಳು ಯಾರು, ಏನು ಕಲಿಯಲು ಶುರು ಮಾಡಬಹುದು?

2. ನಮ್ಮ ಕೆರೆಯ ಯಾವ ತೂಬು ತೆರೆದಿದೆ? ಮೊದಲು ಮುಚ್ಚುವುದು ಯಾವುದನ್ನು?

3. ನಾನು ಬದಲಾವಣೆಯ ಬಗ್ಗೆ ಮಾತಾಡುವಾಗ ಯಾರನ್ನು ಇನ್ನೂ ಕೇಳಿಲ್ಲ? ಅಮ್ಮನನ್ನೇ, ಹೆಂಡತಿಯನ್ನೇ, ಮಗಳನ್ನೇ?

ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಭಾನುವಾರದ ಕೂಟಕ್ಕೆ ಅದನ್ನು ತನ್ನಿ. ಓದು ಬರಹ ಬಾರದ ಹಿರಿಯರ ಉತ್ತರವನ್ನು ಮಕ್ಕಳು ಬರೆದುಕೊಳ್ಳಲಿ. ಒಂದು ಮನೆ ತಂದ ಕೋಲು, ಇನ್ನೊಂದು ಮನೆ ತಂದ ಹಗ್ಗ ಸೇರಿಯೇ ತೆಪ್ಪವಾಗುವುದು.

ಎಲ್ಲರಿಗೂ ಮಂಗಲವಾಗಲಿ.

ನಮೋ ಬುದ್ಧಾಯ. ಜೈ ಭೀಮ್.

(ಓದಿದ ಮೇಲೆ ನಿಮ್ಮ ಮನೆಯ, ವಠಾರದ ಗುಂಪಿಗೂ ಕಳುಹಿಸಿ. ಮೊಬೈಲ್ ಇಲ್ಲದವರಿಗೆ ಓದಿ ಹೇಳಿ.)